ವಲಸೆ ಕಾರ್ಮಿಕರ ಆರೋಗ್ಯ ಸಮೀಕ್ಷೆ: ಕೇಳದೆ ಉಳಿದ ಪ್ರಶ್ನೆಗಳು

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬಾಡಿಗೆ ಕ್ವಾರ್ಟರ್ಸ್‌ಗಳಿಗೆ ಪ್ರಶ್ನಾವಳಿ ಹಿಡಿದು ಬರುವವರು ಹೆಚ್ಚಾಗುತ್ತಾರೆ. ಬಂಗಾಳ, ಅಸ್ಸಾಂ, ಒಡಿಶಾ, ಜಾರ್ಖಂಡ್‌ಗಳಿಂದಲೂ ನಮ್ಮದೇ ಭಾಷೆಯಾಡುವ ಕೊಪ್ಪಳ, ಬಾಗಲಕೋಟೆಗಳಿಂದಲೂ ಬಂದು ಮುರಕಲ್ಲಿನ ಕೋರೆಗಳಲ್ಲಿ, ಕಟ್ಟಡ ಮತ್ತು ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತಿರುವವರಿಗೆ ಮಲೇರಿಯಾ, ಕ್ಷಯ, ಕಾಮಾಲೆಗಳ ಬಗ್ಗೆ ಎಷ್ಟು ಅರಿವಿದೆ ಎಂದು ತಿಳಿಯುವುದು ಅವರ ಉದ್ದೇಶ. ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಕೇಳುವ ಕ್ರಮದ ಬಗ್ಗೆ ಇದೆ.

ಈಚೆಗೆ ನಮ್ಮ ಮನೆಯ ಹಿಂದಿನ ಕ್ವಾರ್ಟರ್ಸ್‌ನಲ್ಲಿ ಇಂಥದೊಂದು ಸಮೀಕ್ಷೆ ನಡೆಯಿತು. ಕೆಲಸದ ದಿನ, ಬೆಳಗ್ಗೆ ಹನ್ನೊಂದರ ಹೊತ್ತು. ಅಲ್ಲಿದ್ದವರು ಜ್ವರವೆಂದು ಚಾಪೆಯ ಮೇಲೆ ಮಲಗಿದ್ದ ಒಬ್ಬ ಹುಡುಗ ಮತ್ತು ಸಿಮೆಂಟಿನ ಲೆಕ್ಕ ನೋಡಲು ಬಂದಿದ್ದ ಮೇಸ್ತ್ರಿ ಮಾತ್ರ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಯೇ ಎಂಬ ಪ್ರಶ್ನೆಗೆ ಹುಡುಗನ ಪರವಾಗಿ ಮೇಸ್ತ್ರಿಯೇ ‘ಹೌದು’ ಎಂದ, ಹಾಳೆಯಲ್ಲಿ ಗುರುತು ಬಿತ್ತು. ಆ ಹುಡುಗನ ಜ್ವರಕ್ಕೆ ರಕ್ತಪರೀಕ್ಷೆ ಆಗಿದೆಯೇ ಎಂಬ ಪ್ರಶ್ನೆ ಹಾಳೆಯಲ್ಲಿರಲಿಲ್ಲವಾದ್ದರಿಂದ ಅದನ್ನು ಯಾರೂ ಕೇಳಲಿಲ್ಲ.

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಕ್ಷಯ ಪತ್ತೆಗಾಗಿ ಎಕ್ಸ್‌ರೇ ವಾಹನಗಳನ್ನು ಜನರಿದ್ದಲ್ಲಿಗೇ ಕಳುಹಿಸಿ ಉಚಿತವಾಗಿ ಪರೀಕ್ಷಿಸಿದರೂ ನಿರೀಕ್ಷಿಸಿದಷ್ಟು ಮಂದಿ ಬರಲಿಲ್ಲ. ಕಾರಣ ಹುಡುಕಹೊರಟ ಗಾಡ್‌ಫ್ರೆ ಹೋಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರಿಂದಲೇ ಆರೋಗ್ಯ ನಂಬಿಕೆಗಳ ಅಧ್ಯಯನದ ಇಂದಿನ ಮಾದರಿ ರೂಪುಗೊಂಡಿತು. ರೋಗ ತನಗೂ ತಗಲೀತೇ, ತಗಲಿದರೆ ಎಷ್ಟು ಅಪಾಯ, ಪರೀಕ್ಷೆಯಿಂದ ಏನು ಪ್ರಯೋಜನ, ಪರೀಕ್ಷೆಗೆ ಹೋಗಲು ಏನು ಅಡ್ಡಿ ಎಂದು ಮನುಷ್ಯ ತೂಗಿ ನೋಡುತ್ತಾನೆ ಎಂಬುದು ಅದರ ಸಾರ. ನಮ್ಮಲ್ಲಿಗೆ ಬರುವ ಪ್ರಶ್ನಾವಳಿಗಳು ಅಡ್ಡಿಯ ವಿಷಯವನ್ನು ಬಹುತೇಕ ಬಿಟ್ಟೇ ಬಿಟ್ಟಿರುತ್ತವೆ.

ಆ ಅಡ್ಡಿ ಎಂಥದೆಂದು ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಫಿಗೆ ಹೊರಟವರ ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೂ ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿ ವೀಸಾ ಕೈತಪ್ಪಬಹುದೆಂಬ ಆತಂಕವನ್ನು ಕಾಣದ ಮನೆಗಳು ಇಲ್ಲಿ ಕಡಿಮೆ. ರಜೆಯಲ್ಲಿ ಊರಿಗೆ ಬಂದವನು ಕೆಮ್ಮನ್ನು ಮುಚ್ಚಿಟ್ಟರೆ ನಾವು ಅವನನ್ನು ತಿಳಿವಳಿಕೆಯಿಲ್ಲದವನೆಂದು ಕರೆಯುವುದಿಲ್ಲ, ಪಾಪ, ಅವನ ಕಷ್ಟ ಎನ್ನುತ್ತೇವೆ. ಅದೇ ಕೆಲಸವನ್ನು ಜಾರ್ಖಂಡಿನವನು ಮಾಡಿದರೆ ಮಾತ್ರ ಅದು ‘ಅರಿವಿನ ಕೊರತೆ’ಯಾಗಿ ವರದಿಯಲ್ಲಿ ಸೇರುತ್ತದೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿಯಂತೆ ಕೊಡುತ್ತಿದ್ದ ಕೇಂದ್ರ ಸರಕಾರದ ನಿಕ್ಷಯ್ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಇಷ್ಟನ್ನು ತಿಳಿಸಿಕೊಟ್ಟರೂ, ಆರೆಂಟು ಮಂದಿ ಒಟ್ಟಿಗೆ ಮಲಗುವ ಕೋಣೆಯಲ್ಲಿ ತನ್ನ ಕಾಯಿಲೆಯ ಸುದ್ದಿ ಹೊರಬಿದ್ದರೆ ಆ ರಾತ್ರಿ ಚಾಪೆ ಎಲ್ಲಿ ಹಾಸುವುದು ಎಂಬ ಕಾರ್ಮಿಕನ ಚಿಂತೆಗೆ ಉತ್ತರ ಸಿಕ್ಕಿದಂತಾಗುವುದಿಲ್ಲ.

ನಂಬಿಕೆಗಳ ವಿಚಾರದಲ್ಲಿಯೂ ತುಸು ತಾಳ್ಮೆ ಬೇಕು. ಬಂಗಾಳದವರು ಸೀತಾಳೆ ಸಿಡುಬನ್ನು (ಚಿಕನ್‌ಪಾಕ್ಸ್) ಶೀತಲಾ ದೇವಿಗೆ ಸಂಬಂಧಿಸಿದ್ದೆಂದು ತಿಳಿದು ರೋಗಿಯನ್ನು ಬೇವಿನ ಸೊಪ್ಪಿನ ಬಳಿ ಬೇರೆಯಾಗಿ ಮಲಗಿಸಿದರೆ, ಸೋಂಕು ಹರಡದಂತೆ ವೈದ್ಯರು ಹೇಳುವುದರ ಅರ್ಧದಷ್ಟಾದರೂ ಅಲ್ಲಿ ನಡೆದುಹೋಗುತ್ತದೆ. ಕಾಮಾಲೆಗೆ ನಾಟಿಮದ್ದು ಕುಡಿದು, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿಸಿಕೊಂಡು ಬರುವ ನಾವು ಇದನ್ನು ಕಂಡು ನಗುವಂತಿಲ್ಲ.

ಇನ್ನು ಕೆಲವು ನಂಬಿಕೆಗಳು ಊರಿನಿಂದ ಬಂದವಲ್ಲ, ಇಲ್ಲಿಯೇ ಹುಟ್ಟಿದವು. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುವುದರಿಂದ, ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಜ್ವರ ಇಳಿದ ಕೂಡಲೇ ಹುಡುಗ ಕೆಲಸಕ್ಕೆ ಹೋಗುತ್ತಾನೆ. ಆ ವಾರವೇ ಗುತ್ತಿಗೆದಾರ ಅವನನ್ನು ತಲಪಾಡಿ ಗಡಿ ದಾಟಿಸಿ ಕರ್ನಾಟಕದ ಸುರತ್ಕಲ್ಲಿನ ಕಾಮಗಾರಿಗೆ ಕಳುಹಿಸಿದರೆ ಉಳಿದ ಮಾತ್ರೆಗಳ ಕತೆ ಮುಗಿದಂತೆ. ಕೆಲವು ವಾರಗಳೋ ತಿಂಗಳುಗಳೋ ಕಳೆದು ಜ್ವರ ಮರುಕಳಿಸಿದಾಗ ‘ಸರಕಾರಿ ಮಾತ್ರೆ ಕೆಲಸ ಮಾಡುವುದಿಲ್ಲ’ ಎಂದು ಅವನು ತೀರ್ಮಾನಿಸಿದರೆ, ಅದು ಮೂಢನಂಬಿಕೆಯಲ್ಲ, ಅವನು ಕಂಡುಂಡ ಅನುಭವ. ಅತ್ತ, ಕಾಂಕ್ರೀಟ್ ಗಟ್ಟಿಯಾಗಲೆಂದು ಕ್ಯೂರಿಂಗ್‌ಗೆ ಕಟ್ಟಿನಿಲ್ಲಿಸಿದ ನೀರಿನಲ್ಲಿಯೂ ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿಯೂ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಆ ಟ್ಯಾಂಕಿ ಕಾರ್ಮಿಕನದಲ್ಲ, ಕಟ್ಟಡದ ಮಾಲೀಕನದು. ಹೀಗಿರುವಾಗ ಅರಿವಿನ ಪ್ರಶ್ನಾವಳಿ ಮೊದಲು ಮಾಲೀಕನ ಮನೆಗೆ ಹೋಗಬೇಡವೇ?

ಆದ್ದರಿಂದ ಅಧ್ಯಯನ ನಡೆಸುವ ಕಾಲೇಜುಗಳಲ್ಲಿಯೂ ಆರೋಗ್ಯ ಇಲಾಖೆಯಲ್ಲಿಯೂ ನನ್ನ ವಿನಂತಿ ಇಷ್ಟು. ಕಾರ್ಮಿಕರು ಕೋಣೆಯಲ್ಲಿರುವ ಭಾನುವಾರ ಹೋಗಿ, ಮೇಸ್ತ್ರಿಯನ್ನು ದೂರವಿಟ್ಟು ಮಾತನಾಡಬೇಕು. ಆಧಾರ್ ನಕಲು ಕೇಳಿದರೆ ಸಮೀಕ್ಷೆಗೂ ಪೊಲೀಸ್ ತಪಾಸಣೆಗೂ ಅವರಿಗೆ ವ್ಯತ್ಯಾಸ ತೋರುವುದಿಲ್ಲ. ಆ ಕ್ರಮ ನಿಲ್ಲಬೇಕು. ಎಲ್ಲರಿಗೂ ಹಿಂದಿ ಬರುತ್ತದೆ ಎಂದು ಭಾವಿಸಬಾರದು. ಮಲಯಾಳದ ಕರಪತ್ರ ಓದಲಾಗದೆ ಮಡಚಿಟ್ಟುಕೊಂಡ ಗಡಿನಾಡ ಕನ್ನಡಿಗರಿಗೆ ಇದರ ಅನುಭವವಿದೆ. ಉತ್ತರ ಕರ್ನಾಟಕದವರ ಬಳಿಗೆ ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರನ್ನೇ ಕಳುಹಿಸಬಹುದು. ಬಂದ ಉತ್ತರಗಳ ಸಾರಾಂಶ ಆಯಾ ಪಂಚಾಯತಿಗೂ ಕುಟುಂಬ ಆರೋಗ್ಯ ಕೇಂದ್ರಕ್ಕೂ ಮಳೆಗಾಲಕ್ಕೆ ಮೊದಲೇ ತಲುಪಬೇಕು. ಕಾಯಿಲೆ ಗೊತ್ತಾದರೆ ಕೂಲಿ, ಕೋಣೆ, ಕೆಲಸ ಇವುಗಳಲ್ಲಿ ಏನು ಕೈತಪ್ಪುತ್ತದೆ, ಗಡಿಯಾಚೆ ಕೆಲಸ ಸಿಕ್ಕರೆ ಉಳಿದ ಮಾತ್ರೆಯನ್ನು ಎಲ್ಲಿ ಪಡೆಯುವಿರಿ ಎಂಬ ಎರಡು ಪ್ರಶ್ನೆಗಳನ್ನು ಮುಂದಿನ ಪ್ರಶ್ನಾವಳಿಯಲ್ಲಿ ತಪ್ಪದೆ ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ಉಪ್ಪಳ