ಭಾನುವಾರದ ಸಭೆ: ಔಷಧಿ, ಪ್ರೋಟೀನ್ ಪುಡಿ ಮತ್ತು ಡೋಪಿಂಗ್ ನಿಯಮ

ಎಲ್ಲರಿಗೂ ನಮಸ್ಕಾರ 🙏

ಮುಂದಿನ ತಿಂಗಳು ರಾಜ್ಯ ಮಟ್ಟದ ಕೂಟದಲ್ಲಿ ಓಡುವ ಮಕ್ಕಳು, ಅವರ ಪೋಷಕರು ದಯವಿಟ್ಟು ಪೂರ್ತಿ ಓದಿ. ಈ ಭಾನುವಾರ ಬೆಳಿಗ್ಗೆ 8ಕ್ಕೆ, ಕಂಠೀರವದಲ್ಲಿ ಅಭ್ಯಾಸ ಮುಗಿದ ಕೂಡಲೇ, ಅರ್ಧ ಗಂಟೆ ಕೂತು ಮಾತಾಡೋಣ.

ಮಗು ತೆಗೆದುಕೊಳ್ಳುವ ಮಾತ್ರೆ, ಸಿರಪ್, ಪ್ರೋಟೀನ್ ಪುಡಿ, ಲೇಹ್ಯ ಏನೇ ಇರಲಿ, ಲೇಬಲ್ ಫೋಟೊ ತೆಗೆದು ನನಗೆ ಮಾತ್ರ ಕಳಿಸಿ. ಗುಂಪಿಗೆ ಹಾಕಬೇಡಿ, ಆರೋಗ್ಯದ ವಿಷಯ ಅವರವರದು.

ಡೋಪಿಂಗ್ (ಕ್ರೀಡೆಯಲ್ಲಿ ನಿಷೇಧಿಸಿದ ಮದ್ದಿನ ಬಳಕೆ) ನಿಯಮದ ಪ್ರಕಾರ, ದೇಹದಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಹೊಣೆ ಆಟಗಾರರದೇ. ಗೊತ್ತಿಲ್ಲದೆ ಸೇವಿಸಿದ್ದು ಸಾಬೀತಾದರೆ ನಿಷೇಧದ ಅವಧಿ ಕಡಿಮೆಯಾಗಬಹುದು, ಆದರೆ ಆ ಸ್ಪರ್ಧೆಯ ಪದಕ ಉಳಿಯುವುದಿಲ್ಲ. ಪರೀಕ್ಷೆಗೆ ಮೂತ್ರ ಅಥವಾ ರಕ್ತದ ಮಾದರಿ ಕೊಡಲು ನಿರಾಕರಿಸಿದರೆ 4 ವರ್ಷದವರೆಗೆ ನಿಷೇಧ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಬಾರದು. ನೋವಿಗೆ ಕೊಡುವ ಟ್ರಮಡಾಲ್ ಕೂಡ 2024ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಹಾಗಂತ ಡಾಕ್ಟರ್ ಬರೆದ ಔಷಧಿಯನ್ನು ನೀವೇ ನಿಲ್ಲಿಸಬೇಡಿ! ಇನ್ಸುಲಿನ್ ನಿಷಿದ್ಧ ಪಟ್ಟಿಯಲ್ಲಿದೆ, ಆದರೂ ಸಕ್ಕರೆ ಕಾಯಿಲೆಯ ಮಕ್ಕಳಿಗೆ ಅದು ಬೇಕೇ ಬೇಕು. ಅಂಥವರು ನಾಡಾಗೆ (ದೇಶದ ಡೋಪಿಂಗ್ ತಡೆ ಸಂಸ್ಥೆ) ಚಿಕಿತ್ಸಾ ವಿನಾಯಿತಿಗೆ, ಅಂದರೆ ಚಿಕಿತ್ಸೆಗಾಗಿ ಆ ಔಷಧಿ ಬಳಸುವ ಅನುಮತಿಗೆ, ಅರ್ಜಿ ಹಾಕಬಹುದು. ಡಾಕ್ಟರ್ ದಾಖಲೆಗಳು ಬೇಕು, ಅರ್ಜಿ ತುಂಬಲು ನಾನು ಜೊತೆಗಿರುತ್ತೇನೆ.

ನನಗೆ ಹೆಚ್ಚು ಭಯ ಜಿಮ್‌ಗಳಲ್ಲಿ ಕೈಗೆ ಕೈ ಬದಲಾಗುವ ಡಬ್ಬಿಗಳದ್ದು. ಅವುಗಳಲ್ಲಿರಬಹುದಾದ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಹೃದಯ, ಯಕೃತ್ತನ್ನು ಕೆಡಿಸುತ್ತದೆ, ಹದಿಹರೆಯದಲ್ಲಿ ಎತ್ತರದ ಬೆಳವಣಿಗೆಯನ್ನೇ ನಿಲ್ಲಿಸಬಹುದು. ಯಾರಾದರೂ ಕೊಟ್ಟಿದ್ದರೆ ಹೇಳಿ, ಮಕ್ಕಳನ್ನು ಬೈಯುವುದಿಲ್ಲ.

ಪರೀಕ್ಷೆಗೆ ಕರೆದರೆ, 18 ತುಂಬದ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಬಹುದು. ಆದ್ದರಿಂದ ಕೂಟದ ದಿನ ಮಗುವಿನ ಜೊತೆ ಯಾರು ಬರುತ್ತೀರಿ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.