ತೂಕ ಇಳಿಕೆ ಶಸ್ತ್ರಚಿಕಿತ್ಸೆಯಾದ ಸದಸ್ಯರ ಗಮನಕ್ಕೆ

ಕೋಲಾರದ ನಮ್ಮ ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಸ್ಲೀವ್ (ಹೊಟ್ಟೆಯ ಬಹುಭಾಗ ತೆಗೆದು ಕಿರಿದಾಗಿಸುವುದು) ಅಥವಾ ಹೊಟ್ಟೆಯ ಬೈಪಾಸ್ (ಹೊಟ್ಟೆ ಕಿರಿದಾಗಿಸಿ ನೇರ ಕರುಳಿಗೆ ಜೋಡಿಸುವುದು) ಮಾಡಿಸಿಕೊಂಡವರು ಮೊದಲ ವರ್ಷ ಸಾಮಾನ್ಯವಾಗಿ 3, 6 ಮತ್ತು 12ನೇ ತಿಂಗಳಿಗೆ, ನಂತರ ಜೀವನಪರ್ಯಂತ ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಬಿ12, ಫೋಲೇಟ್ (ಫೋಲಿಕ್ ಆ್ಯಸಿಡ್), ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕಾಗುತ್ತದೆ. ನಿಮ್ಮ ವೈದ್ಯರು ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಯಕೃತ್ತಿನಲ್ಲಿ ಬಿ12 ದಾಸ್ತಾನು ಇದ್ದು ಅದು ನಿಧಾನವಾಗಿ ಕರಗುವುದರಿಂದ ಕೊರತೆ ವರ್ಷಗಳ ನಂತರವೂ ತಲೆದೋರಬಹುದು. ಆದ್ದರಿಂದ ‘ಈಗ ಆರಾಮಾಗಿದ್ದೇನಲ್ಲ’ ಎಂದು ಮಾತ್ರೆ ಬಿಡುವುದು ಸರಿಯಲ್ಲ. ಅಂಗಾಲು ಜುಮುಗುಡುವುದು, ನಾಲಿಗೆ ಉರಿ, ಮರೆವು, ನಡಿಗೆಯಲ್ಲಿ ತೂರಾಟ ಕಂಡರೆ ವಾರ್ಷಿಕ ಪರೀಕ್ಷೆಯವರೆಗೆ ಕಾಯಬೇಡಿ. ಫೋಲಿಕ್ ಆ್ಯಸಿಡ್ ಒಂದನ್ನೇ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಂಡರೂ ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯಬಹುದು.

ರಾಗಿ ಮುದ್ದೆ ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆ ಏಕೆ ಎಂದು ಹಲವರು ಕೇಳಿದ್ದೀರಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದು ನಿಜ, ಆದರೆ ಈಗ ನಮ್ಮ ಹೊಟ್ಟೆಗೆ ಹಿಡಿಸುವುದು ನಿಂಬೆಗಾತ್ರದ ಮುದ್ದೆ ಮಾತ್ರ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕೂಡ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ಸೇವಿಸಬೇಡಿ.

ಎಲ್ಲಕ್ಕಿಂತ ತುರ್ತಾದ ಸಂಗತಿ ಥಯಾಮಿನ್, ಅಂದರೆ ವಿಟಮಿನ್ ಬಿ1. ವಾಂತಿ ನಿಲ್ಲದಿದ್ದರೆ ಇದರ ದಾಸ್ತಾನು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ವಾಂತಿಯ ಜೊತೆ ಕಣ್ಣು ಮಂಜಾಗುವುದು, ಗೊಂದಲ, ಕಾಲಿನ ನಿಶ್ಶಕ್ತಿ ಸೇರಿದರೆ ಅಂದೇ ಆಸ್ಪತ್ರೆಗೆ ಹೋಗಿ, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ಶಸ್ತ್ರಚಿಕಿತ್ಸೆಯಾಗಿರುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಏಕೆಂದರೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಸ್ಥಿತಿ ಬಿಗಡಾಯಿಸಬಹುದು.

ವರದಿಗಳನ್ನು ಗುಂಪಿನಲ್ಲಿ ಹಾಕದೆ ಒಂದು ಕಡತದಲ್ಲಿ ತಾರೀಖಿನಂತೆ ಜೋಡಿಸಿ, ವೈದ್ಯರಿಗೇ ತೋರಿಸಿ.