ನಮ್ಮ ಮಕ್ಕಳು ರಾತ್ರಿ ನೆಮ್ಮದಿಯಾಗಿ ಉಸಿರಾಡಲಿ: ಬೈಪ್ಯಾಪ್ ಮಷೀನುಗಳಿಗಾಗಿ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ನಮ್ಮದು ಬೆಂಗಳೂರಿನ ಒಂದು ಸಣ್ಣ ಟ್ರಸ್ಟ್. ನರ ಮತ್ತು ಸ್ನಾಯುಗಳ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ನಡೆಸುತ್ತಿದ್ದೇವೆ. ಕೆಲವು ಮಕ್ಕಳಿಗೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಕೆಲವರಿಗೆ ನರಕೋಶಗಳು ಸೊರಗಿ ಸ್ನಾಯುಗಳು ಬಲ ಕಳೆದುಕೊಳ್ಳುವ ಎಸ್‌ಎಂಎ (ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ), ಇನ್ನು ಕೆಲವರಿಗೆ ಹುಟ್ಟಿನಿಂದಲೇ ಬಂದ ಮಯೋಪತಿ, ಅಂದರೆ ಸ್ನಾಯುಗಳದ್ದೇ ಕಾಯಿಲೆ. ಹೊರಗಿನವರ ಕಣ್ಣಿಗೆ ಬೀಳುವುದು ವ್ಹೀಲ್‌ಚೇರ್. ಹಾಗಾಗಿ ಸಹಾಯಕ್ಕೆ ಬಂದವರೂ ಮೊದಲು ಅದನ್ನೇ ಕೊಡಿಸಲಾ ಎಂದು ಕೇಳುತ್ತಾರೆ. ಅದೂ ಬೇಕು, ನಿಜ. ಆದರೆ ಈ ಸಲ ನಾವು ಕೈಚಾಚುತ್ತಿರುವುದು ಬೈಪ್ಯಾಪ್ ಎಂಬ ಉಸಿರಾಟದ ಮಷೀನುಗಳಿಗೆ.

ಉಸಿರಾಡುವುದೂ ಸ್ನಾಯುಗಳ ಕೆಲಸವೇ ಅಲ್ವಾ? ಕೈಕಾಲು ಸೋತ ಹಾಗೆ ಅವೂ ನಿಧಾನಕ್ಕೆ ಸೋಲುತ್ತವೆ. ಈ ಸೋಲು ಮೊದಲು ಶುರುವಾಗುವುದು ರಾತ್ರಿ ಹೊತ್ತು. ಕನಸು ಬೀಳುವ ನಿದ್ದೆಯಲ್ಲಿ ಎಲ್ಲರ ಮೈಯೂ ಸಡಿಲವಾಗುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸುಮ್ಮನಾಗುತ್ತವೆ. ಆಗ ಉಸಿರಿನ ಭಾರವೆಲ್ಲ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯ ಮೇಲೆ ಬೀಳುತ್ತದೆ. ಅದಕ್ಕೂ ಶಕ್ತಿ ಇಲ್ಲದಿದ್ದರೆ ಉಸಿರು ಮೇಲೆ ಮೇಲೆಯೇ ಆಗುತ್ತದೆ. ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ.

ಹಗಲು ನೋಡಿದರೆ ಗೊತ್ತೇ ಆಗುವುದಿಲ್ಲ. ಓಡಾಡುವ ಮಗುವಾದರೆ ಏದುಸಿರು ಬಂದು ಗೊತ್ತಾಗುತ್ತಿತ್ತು. ಕೂತಲ್ಲೇ ಕೂತ ಮಗುವಿಗೆ ಏದುಸಿರು ಎಲ್ಲಿಂದ ಬರಬೇಕು? ಬೆಳಿಗ್ಗೆ ಎದ್ದ ತಕ್ಷಣ ತಲೆನೋವು ಅನ್ನುತ್ತದೆ. ತಟ್ಟೆಯಲ್ಲಿಟ್ಟ ಇಡ್ಲಿ ಹಾಗೇ ಇರುತ್ತದೆ. ಸ್ಕೂಲಲ್ಲಿ ಎರಡನೇ ಪೀರಿಯಡ್ಡಿಗೇ ತೂಕಡಿಕೆ. ರಾತ್ರಿ ಮತ್ತೆ ಮತ್ತೆ ಎಚ್ಚರವಾಗಿ ‘ಅಮ್ಮಾ, ಮಗ್ಗುಲು ತಿರುಗಿಸು’ ಎಂದು ಕರೆಯುತ್ತದೆ. ಹಟ ಮಾಡ್ತಾನೆ, ಸೋಮಾರಿಯಾಗಿದ್ದಾನೆ ಅಂತ ಮನೆಯವರೂ ಟೀಚರೂ ಅಂದುಕೊಳ್ಳುತ್ತಾರೆ. ಎಸ್‌ಎಂಎ ಇರುವ ಪುಟ್ಟ ಮಕ್ಕಳಲ್ಲಾದರೆ ಕಣ್ಣಿಗೇ ಕಾಣುತ್ತದೆ: ಉಸಿರು ಎಳೆದಾಗ ಎದೆ ಒಳಕ್ಕೆ ಹೋಗಿ ಹೊಟ್ಟೆ ಮೇಲೇಳುತ್ತದೆ.

ಇದನ್ನು ಬೇಗ ಪತ್ತೆ ಮಾಡುವ ದಾರಿ ಇದೆ. ಐದಾರು ವರ್ಷ ದಾಟಿದ ಮಕ್ಕಳಿಗೆ ಸ್ಪೈರೋಮೆಟ್ರಿ ಮಾಡಬಹುದು. ಕಂಪ್ಯೂಟರ್ ಪರದೆಯ ಮೇಲಿನ ಮೇಣದಬತ್ತಿ ಆರಿಸು ಅಂದರೆ ಮಕ್ಕಳು ಖುಷಿಯಿಂದ ಊದುತ್ತಾರೆ. ಶ್ವಾಸಕೋಶದಿಂದ ಎಷ್ಟು ಗಾಳಿ ಬಂತು ಎಂದು ಅಳೆಯುತ್ತಾರೆ. ಇರಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ರಾತ್ರಿಯ ಉಸಿರಿನ ಬಗ್ಗೆ ಚಿಂತೆ ಮಾಡಲೇಬೇಕು. ಆದರೆ ಊದುವ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಒಂದು ರಾತ್ರಿ ಮಲಗಿಸಿ, ಆಕ್ಸಿಜನ್ ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಅಳೆಯುವ ಸ್ಲೀಪ್ ಸ್ಟಡಿ ಮಾಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೋವಿಡ್ ಸಮಯದಲ್ಲಿ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲಿ ಸುಮ್ನೆ ಬಿದ್ದಿದೆ, ನಿಮ್ಮ ಮಕ್ಕಳಿಗೆ ಕೊಡ್ತೀವಿ ಎಂದು ಬಹಳ ಜನ ಫೋನ್ ಮಾಡುತ್ತಾರೆ. ಅವರ ಮನಸ್ಸು ದೊಡ್ಡದು. ಆದರೂ ನಾವು ಬೇಡ ಅನ್ನುತ್ತೇವೆ. ಈ ಮಕ್ಕಳಿಗೆ ಗಾಳಿ ಒಳಗೆ ಹೋಗಿ ಹೊರಗೆ ಬರುವುದೇ ಕಷ್ಟ. ಬರೀ ಆಕ್ಸಿಜನ್ ಕೊಟ್ಟರೆ ಬೆರಳಿಗೆ ಸಿಕ್ಕಿಸಿದ ಮೀಟರ್ ಒಳ್ಳೆ ಅಂಕಿ ತೋರಿಸುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ಅದು ಅಪಾಯ.

ಅವರಿಗೆ ಬೇಕಾದದ್ದು ಬೈಪ್ಯಾಪ್. ಮಗು ಉಸಿರು ಎಳೆದಾಗ ಜಾಸ್ತಿ ಒತ್ತಡ, ಬಿಡುವಾಗ ಕಡಿಮೆ ಒತ್ತಡ ಕೊಟ್ಟು, ಮೂಗಿನ ಮೇಲಿನ ಮಾಸ್ಕ್ ಮೂಲಕ ಇಡೀ ರಾತ್ರಿ ಉಸಿರಿಗೆ ಜೊತೆಯಾಗುವ ಮಷೀನ್ ಅದು. ಮೊದಮೊದಲು ಮಕ್ಕಳು ಮಾಸ್ಕ್ ಕಿತ್ತೆಸೆಯುತ್ತಾರೆ. ಹಗಲಲ್ಲೇ ಕಾರ್ಟೂನ್ ಹಾಕಿ, ಮಾಸ್ಕನ್ನು ಗೊಂಬೆಗೆ ಹಾಕಿಸಿ, ಆಮೇಲೆ ತಮಗೆ ಐದೈದು ನಿಮಿಷ ಹಾಕಿಸಿ ರೂಢಿ ಮಾಡಿಸಬೇಕು. ಮೂಗಿನ ಮೇಲೆ ಕೆಂಪಗೆ ಗಾಯವಾಗದಂತೆ ಪಟ್ಟಿ ಸಡಿಲಿಸುವುದು, ಗಾಳಿ ಸೋರದಂತೆ ಬಿಗಿ ಮಾಡುವುದು, ಎರಡನ್ನೂ ತಾಯಂದಿರು ಕಲಿಯುತ್ತಾರೆ. ಒಗ್ಗಿಕೊಂಡ ಮೇಲೆ ಮಗು ತಲೆನೋವಿಲ್ಲದೆ ಏಳುತ್ತದೆ, ತಾನಾಗಿಯೇ ತಿಂಡಿ ಕೇಳುತ್ತದೆ. ಎಷ್ಟೋ ಕಾಲದ ಮೇಲೆ ಆ ತಾಯಿಯೂ ಒಂದು ರಾತ್ರಿ ಪೂರ್ತಿ ಮಲಗುತ್ತಾಳೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯರು ಡುಶೆನ್ ಇದ್ದವರ ಹಲವು ದಶಕಗಳ ದಾಖಲೆ ನೋಡಿ 2002ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಆ ಮಕ್ಕಳು ಸರಾಸರಿ 14.4 ವರ್ಷಕ್ಕೆ ತೀರಿಕೊಳ್ಳುತ್ತಿದ್ದರು. 1990ರಿಂದೀಚೆಗೆ ರಾತ್ರಿ ವೆಂಟಿಲೇಶನ್, ಅಂದರೆ ಮಷೀನಿನಿಂದ ಉಸಿರಿಗೆ ನೆರವು, ಸಿಕ್ಕವರಲ್ಲಿ ಅದು 25.3 ವರ್ಷಕ್ಕೆ ಏರಿತು. ಬೇರೆ ಆರೈಕೆಯೂ ಸುಧಾರಿಸಿತ್ತು, ಆದರೂ ಮಷೀನಿನ ಪಾಲು ದೊಡ್ಡದು. ಹತ್ತು ವರ್ಷ ಎಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಒಂದು ಕೆಲಸ.

ಎಸ್‌ಎಂಎ ಮಗುವಿಗೆ 16 ಕೋಟಿ ರೂಪಾಯಿಯ ಇಂಜೆಕ್ಷನ್ ಬೇಕು ಎಂಬ ಸುದ್ದಿ ನೀವೂ ನೋಡಿರುತ್ತೀರಿ. ಅಷ್ಟು ದುಡ್ಡು ನಮ್ಮ ಕೈಲಾಗದ ಮಾತು. ಆದರೆ ಒಂದು ಬೈಪ್ಯಾಪ್ ಮಷೀನು ಲಕ್ಷದೊಳಗೇ ಸಿಗುತ್ತದೆ. ನಿಮ್ಹಾನ್ಸ್‌ಗೆ, ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ದೂರದ ಊರುಗಳಿಂದ ರಾತ್ರಿ ಬಸ್ಸಿನಲ್ಲಿ ಬರುವ ಕೂಲಿಕಾರರಿಗೆ ಅದೂ ದೊಡ್ಡ ಮೊತ್ತವೇ. ಅದಕ್ಕೇ ನಾವು ಮಷೀನುಗಳನ್ನು ಕೊಂಡಿಟ್ಟು, ಡಾಕ್ಟರ್ ಬರೆದುಕೊಟ್ಟ ಮಕ್ಕಳಿಗೆ ಉಚಿತವಾಗಿ, ಬೇಕಾದಷ್ಟು ಕಾಲ ಕೊಡಬೇಕೆಂದಿದ್ದೇವೆ. ಮಗು ಬೆಳೆದಂತೆ ಮಾಸ್ಕ್ ಅಳತೆಯೂ ಬದಲಾಗಬೇಕು, ಕರೆಂಟ್ ಹೋದರೆ ಬ್ಯಾಟರಿ ಬೇಕು. ಅದರ ಖರ್ಚೂ ನಮ್ಮದೇ. ಸ್ಲೀಪ್ ಸ್ಟಡಿ ಖರ್ಚು ಭರಿಸಲಾಗದವರಿಗೂ ನೆರವಾಗುತ್ತೇವೆ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ ಆಗಬೇಕು. ನಮಗೆಲ್ಲ ನೆಗಡಿ ಎಂದರೆ ಒಂದು ವಾರದ ಕಿರಿಕಿರಿ. ಕೆಮ್ಮೋಕೆ ಶಕ್ತಿ ಇಲ್ಲದ ಮಗುವಿಗೆ ಅದೇ ಕಫ ಎದೆಯಲ್ಲಿ ಕಟ್ಟಿ ನ್ಯುಮೋನಿಯಾ ಆಗಬಹುದು. ಫ್ಲೂ ಲಸಿಕೆ ಹಾಕಿಸಬೇಕು. ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್‌ನಿಂದ ಎದೆ ತುಂಬಾ ಗಾಳಿ ತುಂಬಿಸಿ ಕೆಮ್ಮಿಸುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಅಪ್ಪ ಅಮ್ಮಂದಿರಿಗೆ ಕಲಿಸಬೇಕು. ಕಫ ಎಳೆದು ತೆಗೆಯುವ ಕಾಫ್ ಅಸಿಸ್ಟ್ ಮಷೀನಿಗೆ ಲಕ್ಷಗಟ್ಟಲೆ ಬೇಕು. ಒಂದಾದರೂ ಇದ್ದರೆ ಹಲವು ಮನೆಗಳಿಗೆ ಸರದಿಯಲ್ಲಿ ಕೊಡಬಹುದು.

ನೂರು ರೂಪಾಯಿ ಕೊಟ್ಟರೂ ನಮಗೆ ಸಂತೋಷ. ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ಮಾಸ್ಕ್ ಕೊಡಿಸಿದರೂ ಸರಿ. ಖಾತೆ ವಿವರ ಮತ್ತು ಕ್ಯೂಆರ್ ಕೋಡ್ ಈ ಮನವಿಯ ಜೊತೆಗಿದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಬ್ಯಾಂಕ್ ಅಥವಾ ಯುಪಿಐ ಮೂಲಕ ಕಳಿಸಿ. ರಸೀದಿಗೆ ಪ್ಯಾನ್ ನಂಬರ್ ತಿಳಿಸಿ.

ಮನೆಯಲ್ಲಿ ಬಳಸದ ಬೈಪ್ಯಾಪ್ ಇದ್ದರೆ ಖಂಡಿತ ಕೊಡಿ. 2021ರಲ್ಲಿ ಒಳಗಿನ ಫೋಮ್ ಪುಡಿಯಾಗಬಹುದೆಂದು ಕೆಲವು ಮಾಡೆಲ್‌ಗಳನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ಅಂಥದ್ದು ಮಕ್ಕಳ ಕೈಗೆ ಹೋಗಬಾರದು. ಹಾಗಾಗಿ ತರುವ ಮುಂಚೆ ಮಷೀನಿನ ಮೇಲಿನ ಮಾಡೆಲ್ ನಂಬರಿನ ಫೋಟೋ ಕಳಿಸಿ, ತರುವಾಗ ಅಡಾಪ್ಟರನ್ನೂ ಜೊತೆಗೆ ತನ್ನಿ.